ಆಟದ ಹೊತ್ತಿನಲ್ಲಿ ಟೀಚರ್ ಎಲ್ಲಿರುತ್ತಾರೆ?

ಫಾದರ್‌, ಸಿಸ್ಟರ್‌ಗಳೇ, ಶಿಕ್ಷಕ ಬಳಗದವರೇ, ಎಲ್ಲರಿಗೂ ನಮಸ್ಕಾರ.

ನಮ್ಮ ಕಥೋಲಿಕ ಶಾಲೆಗಳಲ್ಲಿ ಮಕ್ಕಳ ನೆಮ್ಮದಿ ಮತ್ತು ಕಲಿಕೆ ಬಗ್ಗೆ ಮಾತಾಡಿ ಅಂದಿದ್ದೀರಿ. ಇವತ್ತು ಒಂದೇ ಒಂದು ಪತ್ರ ಹಿಡಿದು ಮಾತಾಡುತ್ತೇನೆ. 1884ರ ಮೇ 10ರ ದಿನಾಂಕ ಹಾಕಿ, ರೋಮ್‌ನಿಂದ ಟ್ಯೂರಿನ್‌ನ ತಮ್ಮ ಸಂಸ್ಥೆಯವರಿಗೆ ಡಾನ್ ಬೋಸ್ಕೊ ಕಳಿಸಿದ ಪತ್ರ. ಡಾನ್ ಬೋಸ್ಕೊ ಅಂದರೆ ಬಡ ಹುಡುಗರಿಗಾಗಿ ದುಡಿದ ಇಟಲಿಯ ಪಾದ್ರಿ.

ಡಾನ್ ಬೋಸ್ಕೊ ಹೊಸದಾಗಿ ಗುರುದೀಕ್ಷೆ ಪಡೆದ ಕಾಲದಲ್ಲಿ ಟ್ಯೂರಿನ್ ಜೈಲುಗಳಿಗೆ ಹೋಗುತ್ತಿದ್ದರು. ಅಲ್ಲಿಂದ ಬಿಡುಗಡೆಯಾದ ಹುಡುಗರು ಮತ್ತೆ ಅಲ್ಲಿಗೇ ಬರುವುದನ್ನು ನೋಡಿದರು. ಹೊರಗೆ ಇವರಿಗೆ ತಮ್ಮವರು ಅಂತ ಯಾರೂ ಇಲ್ಲ ಎನ್ನುವುದು ಅವರಿಗೆ ಹೊಳೆಯಿತು. ಅಂಥ ಹುಡುಗರಿಗಾಗಿಯೇ ಟ್ಯೂರಿನ್‌ನ ವಾಲ್ದೊಕ್ಕೊ ಬಡಾವಣೆಯಲ್ಲಿ ಅವರ ಕೆಲಸ ಬೆಳೆಯಿತು.

ಈಗ ಪತ್ರಕ್ಕೆ ಬರೋಣ. ಅದರಲ್ಲಿ ಅವರು ಒಂದು ಕನಸು ಹೇಳುತ್ತಾರೆ. ಮೊದಲು ಕಾಣುವುದು ಹಳೆಯ ದಿನಗಳ ಆಟದ ಅಂಗಳ. ಹುಡುಗರು ಓಡುತ್ತಿದ್ದಾರೆ, ಹಾಡುತ್ತಿದ್ದಾರೆ, ಗುರುಗಳೂ ಅವರ ನಡುವೆಯೇ ಇದ್ದಾರೆ. ಆಮೇಲೆ ಕಾಣುವುದು ಅದೇ ಅಂಗಳದ ಈಗಿನ ಸ್ಥಿತಿ. ಕೆಲವು ಹುಡುಗರು ಕಂಬಕ್ಕೆ ಒರಗಿ ಸುಮ್ನೆ ನಿಂತಿದ್ದಾರೆ. ಮುಖದಲ್ಲಿ ಬೇಸರ, ಅನುಮಾನ. ಗುರುಗಳಲ್ಲಿ ಹೆಚ್ಚಿನವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದಾರೆ. ತಮ್ಮ ಶಾಲೆ ಎಲ್ಲಿ ಸೋಲುತ್ತಿದೆ ಎಂದು ನೋಡಲು ಡಾನ್ ಬೋಸ್ಕೊ ಮಾರ್ಕ್ಸ್ ಪಟ್ಟಿ ತೆಗೆಯಲಿಲ್ಲ, ಆಟದ ಅಂಗಳ ನೋಡಿದರು. ನನಗೆ ತುಂಬಾ ದೊಡ್ಡದು ಅನಿಸುವುದು ಇದೇ.

ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಮಕ್ಕಳಿಗೇ ಗೊತ್ತಾಗಬೇಕು ಎನ್ನುವುದು ಆ ಪತ್ರದ ಪ್ರಸಿದ್ಧ ಮಾತು. ನಮ್ಮ ಎಷ್ಟೋ ಶಾಲೆಗಳ ಗೋಡೆ ಮೇಲೆ ಇದೆ. ಆದರೆ ಅದರ ಬೆನ್ನಿಗೇ ಬರುವ ಮಾತನ್ನು ನಾವು ಕಡಿಮೆ ಹೇಳುತ್ತೇವೆ. ಮಕ್ಕಳಿಗೆ ಇಷ್ಟವಾದದ್ದರಲ್ಲಿ ನಾವು ಜೊತೆಯಾದರೆ, ಅವರಿಗೆ ಸಹಜವಾಗಿ ಇಷ್ಟವಾಗದ ಓದು, ಶಿಸ್ತನ್ನೂ ಅವರು ಪ್ರೀತಿಸಲು ಕಲಿಯುತ್ತಾರಂತೆ. ಅಂದರೆ ನೆಮ್ಮದಿ ಬೇರೆ, ಕಲಿಕೆ ಬೇರೆ ಅಂತ ಅವರು ನೋಡಲೇ ಇಲ್ಲ. ಭಿನ್ನರಾಶಿ ಅರ್ಥವಾಗದ ಹುಡುಗಿ ‘ಮಿಸ್, ಗೊತ್ತಾಗ್ಲಿಲ್ಲ’ ಅಂತ ಯಾರ ಹತ್ತಿರ ಹೇಳುತ್ತಾಳೆ? ಊಟದ ಹೊತ್ತಿನಲ್ಲಿ ತನ್ನ ಹತ್ತಿರ ನಾಲ್ಕು ಮಾತಾಡಿದ ಮಿಸ್ ಹತ್ತಿರ ಅಲ್ವಾ? ಹೆದರಿದ ಮಗು ಬಾಯಿಪಾಠ ಒಪ್ಪಿಸಬಹುದು, ಪ್ರಶ್ನೆ ಮಾತ್ರ ಕೇಳುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಅದನ್ನು ಗುರಾಣಿ ಮಾಡಿಕೊಳ್ಳುವ ಮಾತು ನಮ್ಮ ಬಾಯಲ್ಲಿ ಬರಬಾರದು. ಹೊಡೆಯಬೇಡಿ ಅಂತ ಡಾನ್ ಬೋಸ್ಕೊ 1877ರಲ್ಲೇ ಬರೆದಿದ್ದಾರೆ. ಕ್ಲಾಸಿನ ಮುಂದೆ ಮಾರ್ಕ್ಸ್ ಓದಿ ನಾಚಿಸುವುದು, ಕೊಂಕಣಿಯಲ್ಲೋ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿದ ಮಗುವಿಗೆ ದಂಡ ಹಾಕುವುದು, ಇವೂ ಪೆಟ್ಟೇ. ಮನೆಯ ಭಾಷೆಗೆ ದಂಡ ತೆತ್ತ ಮಗು ಶಾಲೆಯಲ್ಲಿ ಬಾಯಿ ಬಿಡುವುದೇ ಕಡಿಮೆ ಮಾಡುತ್ತದೆ.

ನಮ್ಮ ಅನೇಕ ಶಾಲೆಗಳಲ್ಲಿ ಕ್ರೈಸ್ತೇತರ ಮಕ್ಕಳೇ ಜಾಸ್ತಿ. ಅವರು ಮಾರಲ್ ಸೈನ್ಸ್ ಪಿರಿಯಡ್‌ನಲ್ಲಿ ಕೇಳಿಸಿಕೊಳ್ಳುವ ಯೇಸುವಿನ ಪ್ರೀತಿ, ಮುಂದಿನ ಗಣಿತ ಪಿರಿಯಡ್‌ನಲ್ಲೂ ಕಾಣಬೇಕು.

ಒಂದು ಕಷ್ಟದ ಮಾತೂ ಹೇಳಲೇಬೇಕು. ಮಕ್ಕಳ ಹತ್ತಿರ ಇರುವುದೆಂದರೆ ಎಲ್ಲರ ಕಣ್ಣೆದುರು ಇರುವುದು. ಹಲವು ದೇಶಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಟ್ಟು ಚರ್ಚ್ ಮಕ್ಕಳಿಗೆ ದ್ರೋಹ ಮಾಡಿದೆ. ನಮ್ಮಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ಸಂಸ್ಥೆಯ ಹೆಸರಿಗಿಂತ ಮಗು ಮುಖ್ಯ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಎಲ್ಲವನ್ನೂ ಟೀಚರೇ ಬಗೆಹರಿಸಲು ಆಗುವುದಿಲ್ಲ. ತಿಂಗಳುಗಟ್ಟಲೆ ನಿದ್ದೆ, ಊಟ ಬಿಟ್ಟ ಮಗುವಿಗೆ ವೈದ್ಯರು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಸಲಹೆ ಸಿಗುತ್ತದೆ. ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ಆಫೀಸ್ ರೂಮಿನಲ್ಲಿ ಇಡಬೇಡಿ. ಮಕ್ಕಳು ನೀರು ಕುಡಿಯುವ ಜಾಗದಲ್ಲಿ ಬರೆಸಿ.

ಹೆಡ್‌ಮಿಸ್ಟ್ರೆಸ್ ಅವರಲ್ಲಿ ಒಂದು ಬೇಡಿಕೆ. ಟೀಚರ್‌ಗಳು ಸುಮ್ಮನೆ ಕೂತಿರುವುದಿಲ್ಲ, ಇಂಟರ್‌ವೆಲ್‌ನಲ್ಲೂ ನೋಟ್‌ಬುಕ್ ತಿದ್ದುತ್ತಿರುತ್ತಾರೆ. ಆ ಹೊರೆ ಇಳಿಸದೆ ‘ಮಕ್ಕಳ ಜೊತೆ ಬೆರೆಯಿರಿ’ ಅಂದರೆ ಅದು ಅನ್ಯಾಯ. ವಾರಕ್ಕೆ ಒಂದೆರಡು ರೆಕಾರ್ಡ್ ಬರೆಯುವ ಕೆಲಸ ಕಡಿಮೆ ಮಾಡಿ. ಆ ಹೊತ್ತನ್ನು ಟೈಮ್‌ಟೇಬಲ್‌ನಲ್ಲೇ ಆಟದ ಮೈದಾನಕ್ಕೆ ಅಂತ ಬರೆಯಿರಿ.