ಕಾರು ಕಟ್ಟದೆ ಗೆದ್ದವರು: ರಾಬ್ ವಾಕರ್ ತಂಡದ ಮೊದಲ ವರ್ಷಗಳು

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಲೋಟಸ್ ಕಾರಿಗೆ ಮೊದಲ ಗೆಲುವು ತಂದುಕೊಟ್ಟ ತಂಡ ಯಾವುದು? ಲೋಟಸ್ ತಂಡವೇ ಎಂದು ನೀವು ಹೇಳಿದರೆ ಅದು ಸಹಜವಾದ ಉತ್ತರ, ಆದರೆ ತಪ್ಪು ಉತ್ತರ. ಕೂಪರ್ ಕಾರಿನ ಮೊದಲ ಗೆಲುವಿಗೂ ಇದೇ ಪ್ರಶ್ನೆ ಕೇಳಿ. ಕೂಪರ್ ಕಾರ್ಖಾನೆಯ ತಂಡ ಎಂದರೆ ಅದೂ ತಪ್ಪು.

ಎರಡೂ ಸಲ ಗೆದ್ದ ಕಾರಿನ ಮಾಲೀಕ ಒಬ್ಬನೇ. ಆತ ಕಾರು ತಯಾರಕನಲ್ಲ, ಗಿರಾಕಿ. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಡಾರ್ಕಿಂಗ್ ಎಂಬ ಊರಿನಲ್ಲಿ ಪಿಪ್‌ಬ್ರೂಕ್ ಗ್ಯಾರೇಜ್ ನಡೆಸುತ್ತಿದ್ದ ರಾಬ್ ವಾಕರ್. ದುಡ್ಡು ಕೊಟ್ಟು ಕಾರು ಕೊಂಡು, ಆ ಕಾರನ್ನು ತಯಾರಿಸಿದವರಿಗಿಂತ ಮೊದಲೇ ಅದರಲ್ಲಿ ಗೆದ್ದವರು ಇವರು. ಕೂಪರ್‌ನ ಸ್ವಂತ ತಂಡ ತನ್ನ ಮೊದಲ ಗೆಲುವಿಗೆ ಇನ್ನೂ ಹದಿನಾರು ತಿಂಗಳು ಕಾಯಬೇಕಾಯಿತು. ಲೋಟಸ್‌ನ ಸ್ವಂತ ತಂಡವೂ ಹೆಚ್ಚು ಕಡಿಮೆ ಅಷ್ಟೇ ಕಾಲ ಕಾಯಿತು. ಇದು ಹೇಗೆ ಸಾಧ್ಯವಾಯಿತು ಎಂಬುದೇ ಇಂದಿನ ವಿಡಿಯೋ.

[ತೆರೆಯ ಮೇಲೆ: ಕಡುನೀಲಿ ಬಣ್ಣದ ಕಾರು, ಮೂತಿಯ ಸುತ್ತ ಬಿಳಿ ಪಟ್ಟಿ]

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ರಾಬ್ ವಾಕರ್ ಹುಟ್ಟಿದ್ದು 1917ರಲ್ಲಿ. ಜಾನಿ ವಾಕರ್ ವಿಸ್ಕಿಯ ಮನೆತನದ ಕುಡಿ, ಅಂದರೆ ಹಣಕ್ಕೆ ಕೊರತೆಯಿರಲಿಲ್ಲ. ಕಾರಿನ ಹುಚ್ಚು ಚಿಕ್ಕಂದಿನಿಂದಲೂ ಇತ್ತು. 1939ರ ಲ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ತನ್ನದೇ ಡೆಲಹಾಯ್ ಕಾರನ್ನು, ಗೆರೆಗೆರೆಯ ಸೂಟು ತೊಟ್ಟುಕೊಂಡೇ ಓಡಿಸಿ, ಜೊತೆಗಾರ ಇಯಾನ್ ಕಾನೆಲ್ ಜೊತೆ ಎಂಟನೆಯ ಸ್ಥಾನ ಪಡೆದವರು. ಮರುವರ್ಷ ಮದುವೆಯಾದಾಗ, ಇನ್ನು ಮುಂದೆ ಟ್ರ್ಯಾಕ್ ಮೇಲೆ ಸ್ಪರ್ಧಿಸುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟರು. ಯುದ್ಧದಲ್ಲಿ ನೌಕಾಪಡೆಯ ವಿಮಾನ ವಿಭಾಗದಲ್ಲಿದ್ದರು. ಯುದ್ಧ ಮುಗಿದ ಮೇಲೆ, ತಾನು ಓಡಿಸುವಂತಿಲ್ಲ, ಬೇರೆಯವರಿಂದ ಓಡಿಸಬಹುದಲ್ಲ ಎಂದುಕೊಂಡು ತಂಡ ಕಟ್ಟಿದರು. ಮೊದಮೊದಲು ಕಾನಾಟ್ ಕಾರು, ಚಾಲಕ ಟೋನಿ ರೋಲ್ಟ್. ಜರ್ಮನ್ನರ ಕೋಲ್ಡಿಟ್ಜ್ ಸೆರೆಮನೆಯ ಅಟ್ಟದಲ್ಲಿ ಗುಟ್ಟಾಗಿ ಗ್ಲೈಡರ್ ವಿಮಾನ ಕಟ್ಟಿದ ಯುದ್ಧಕೈದಿಗಳಲ್ಲಿ ಒಬ್ಬರಾದ ಅದೇ ರೋಲ್ಟ್. ಅವರ ಬಗ್ಗೆಯೇ ಒಂದು ಪೂರ್ತಿ ವಿಡಿಯೋ ಮಾಡಬಹುದು. ಈಗ ಮುಂದೆ ಹೋಗೋಣ.

ನನ್ನ ಮನಸ್ಸನ್ನು ಹಿಡಿದಿಟ್ಟ ಸಂಗತಿ ನಡೆದದ್ದು 1958ರ ಜನವರಿ 19ರಂದು, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಈ ಒಂದು ರೇಸ್ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಆ ವರ್ಷ ಒಂದು ನಿಯಮ ಬದಲಾಗಿತ್ತು. ಅಲ್ಲಿಯವರೆಗೆ ರೇಸ್ ಎಂಜಿನ್‌ಗಳು ಮೆಥನಾಲ್ ಬೆರೆಸಿದ ಇಂಧನ ಕುಡಿಯುತ್ತಿದ್ದವು. 1958ರಿಂದ ವಿಮಾನಗಳಿಗೆ ಬಳಸುವ ಪೆಟ್ರೋಲ್ ಕಡ್ಡಾಯವಾಯಿತು. ಬ್ರಿಟನ್ನಿನ ದೊಡ್ಡ ತಂಡಗಳಾದ ವ್ಯಾನ್‌ವಾಲ್ ಮತ್ತು ಬಿಆರ್‌ಎಂ ತಮ್ಮ ಎಂಜಿನ್‌ಗಳನ್ನು ಹೊಸ ಇಂಧನಕ್ಕೆ ಹೊಂದಿಸಿ ಮುಗಿಸಿರಲಿಲ್ಲ. ಹಾಗಾಗಿ ಅರ್ಜೆಂಟೀನಾಕ್ಕೆ ಹೋಗಲಿಲ್ಲ. ವ್ಯಾನ್‌ವಾಲ್ ಚಾಲಕ ಸ್ಟರ್ಲಿಂಗ್ ಮಾಸ್ ಕೈಯಲ್ಲಿ ಕಾರಿಲ್ಲದೆ ಉಳಿದರು. ವಾಕರ್ ಬಳಿ ಒಂದು ಪುಟ್ಟ ಕೂಪರ್ ಇತ್ತು. ಅದರ ಕಾವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್ ಮೂಲತಃ ಫಾರ್ಮುಲಾ ಟೂ, ಅಂದರೆ ಒಂದು ಮೆಟ್ಟಿಲು ಕೆಳಗಿನ ದರ್ಜೆಯ ಸ್ಪರ್ಧೆಗಾಗಿ ಮಾಡಿದ್ದು. ಫಾರ್ಮುಲಾ ಟೂನಲ್ಲಿ ಮೊದಲಿನಿಂದಲೂ ಪೆಟ್ರೋಲ್ ಬಳಸಲೇಬೇಕಿತ್ತು. ಅಂದರೆ ದೊಡ್ಡವರನ್ನು ಕಟ್ಟಿಹಾಕಿದ ನಿಯಮ ಈ ಚಿಕ್ಕ ಕಾರನ್ನು ತಟ್ಟಲೇ ಇಲ್ಲ. ಎದುರಿಗೆ ಇದ್ದವು ಫೆರಾರಿ ಮತ್ತು ಮಸೆರಾಟಿ. ಒಟ್ಟು ಹತ್ತೇ ಕಾರು.

ಹತ್ತೇ ಕಾರು ಎಂದು ಹಗುರವಾಗಿ ಕಾಣಬೇಡಿ. ಮೊದಲ ಸಾಲಿನಲ್ಲಿ ಮಸೆರಾಟಿಯೊಳಗೆ ಐದು ಬಾರಿಯ ವಿಶ್ವ ಚಾಂಪಿಯನ್ ಹ್ವಾನ್ ಮ್ಯಾನುಯೆಲ್ ಫಾಂಜಿಯೊ, ಅದೂ ಅವರದೇ ದೇಶದಲ್ಲಿ. ಫೆರಾರಿಗಳಲ್ಲಿ ಲುಯಿಗಿ ಮುಸ್ಸೊ, ಮೈಕ್ ಹಾಥಾರ್ನ್, ಪೀಟರ್ ಕಾಲಿನ್ಸ್. ನಿಯಮ 2.5 ಲೀಟರ್ ಎಂಜಿನ್‌ಗೆ ಅವಕಾಶ ಕೊಡುತ್ತಿತ್ತು. ಮಾಸ್ ಕಾರಿನದು ಎರಡು ಲೀಟರೂ ಪೂರ್ತಿ ಇಲ್ಲ. ಶಕ್ತಿಯಲ್ಲಿ ಫೆರಾರಿಗಿಂತ ಸುಮಾರು ನೂರು ಕುದುರೆಶಕ್ತಿ ಕಡಿಮೆ. ಸಾಲದ್ದಕ್ಕೆ ಕೆಲವೇ ದಿನಗಳ ಹಿಂದೆ ಮಾಸ್ ಅವರ ಒಂದು ಕಣ್ಣಿನ ಕಾರ್ನಿಯಾಕ್ಕೆ ಗೀರು ಬಿದ್ದಿತ್ತು. ಆ ಕಾರು ಏಳನೆಯ ಸ್ಥಾನದಿಂದ ಹೊರಟಿತು.

[ತೆರೆಯ ಮೇಲೆ: ಮುಂದೆ ಎಂಜಿನ್ ಇರುವ ಕಾರು ಮತ್ತು ಹಿಂದೆ ಎಂಜಿನ್ ಇರುವ ಕಾರು, ಅಕ್ಕಪಕ್ಕದ ರೇಖಾಚಿತ್ರ]

ಈ ಕೂಪರ್‌ನ ಎಂಜಿನ್ ಚಾಲಕನ ಬೆನ್ನ ಹಿಂದೆ ಇತ್ತು. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ಹೀಗೆ ಮಾಡಿ ಗೆದ್ದಿತ್ತು, ಆದರೆ ಯುದ್ಧದ ನಂತರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಂಜಿನ್ ಹಿಂದಿರುವ ಕಾರು ಅದುವರೆಗೆ ಒಂದನ್ನೂ ಗೆದ್ದಿರಲಿಲ್ಲ. ಎಂಜಿನ್ ಮುಂದಿದ್ದರೆ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯಲು ಉದ್ದನೆಯ ದಂಡವೊಂದು ಬೇಕು. ಹಿಂದಿದ್ದರೆ ಆ ದಂಡವೇ ಬೇಡ. ಚಾಲಕ ಕೆಳಗೆ ಕೂರಬಹುದು, ಕಾರು ಗಿಡ್ಡವಾಗುತ್ತದೆ, ಹಗುರವಾಗುತ್ತದೆ. ಹಗುರವಾದ ಕಾರು ಟೈರುಗಳನ್ನು ಕಡಿಮೆ ಸವೆಸುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ.

ಯಾಕೆಂದರೆ ಎಲ್ಲರಿಗೂ ಆ ದಿನ ಒಂದು ವಿಷಯ ಖಚಿತವಾಗಿತ್ತು: ಎಂಬತ್ತು ಸುತ್ತು, ಸುಮಾರು 313 ಕಿಲೋಮೀಟರ್, ಒಂದೇ ಜೊತೆ ಟೈರುಗಳಲ್ಲಿ ಮುಗಿಯುವುದಿಲ್ಲ. ಫೆರಾರಿಯ ಚಕ್ರ ನಡುವಿನ ಒಂದೇ ನಟ್ಟಿನ ಮೇಲೆ ನಿಂತಿರುತ್ತದೆ. ಸುತ್ತಿಗೆಯಿಂದ ಹೊಡೆದರೆ ಬಿಚ್ಚಿಕೊಳ್ಳುತ್ತದೆ. ಕೂಪರ್‌ನ ಚಕ್ರಕ್ಕೆ ನಾಲ್ಕು ಬೋಲ್ಟು. ಒಂದೊಂದನ್ನೂ ತಿರುಗಿಸಿ ಬಿಚ್ಚಿ, ಮತ್ತೆ ಬಿಗಿಯುವಷ್ಟರಲ್ಲಿ ರೇಸ್ ಕೈತಪ್ಪಿರುತ್ತದೆ. ಇದು ಮಾಸ್‌ಗೂ ಗೊತ್ತು, ಮುಖ್ಯ ಮೆಕ್ಯಾನಿಕ್ ಆಲ್ಫ್ ಫ್ರಾನ್ಸಿಸ್‌ಗೂ ಗೊತ್ತು. ಪೋಲೆಂಡಿನಿಂದ ಬಂದ ಈ ಫ್ರಾನ್ಸಿಸ್ ವಾಕರ್ ತಂಡದ ಬೆನ್ನೆಲುಬು.

ಹಾಗಾದರೆ ಏನು ಮಾಡುವುದು? ಟೈರು ಬದಲಿಸಲು ನಿಲ್ಲುವುದೇ ಬೇಡ. ಆದರೆ ನಿಲ್ಲುತ್ತೇವೆ ಎಂದು ಎದುರಾಳಿ ನಂಬಬೇಕು. ರೇಸಿಗೆ ಮೊದಲೇ ಮಾಸ್, ಈ ಬೋಲ್ಟುಗಳಿಂದ ನಮ್ಮ ಗತಿ ಮುಗಿಯಿತು ಎಂದು ಎಲ್ಲರ ಕಿವಿಗೆ ಬೀಳುವಂತೆ ಗೊಣಗಿದರು. ರೇಸ್ ನಡೆಯುತ್ತಿದ್ದಾಗ ಮೆಕ್ಯಾನಿಕ್‌ಗಳು ಹೊಸ ಚಕ್ರಗಳನ್ನು ಪಿಟ್‌ನಲ್ಲಿ, ಅಂದರೆ ರೇಸಿನ ನಡುವೆ ಕಾರು ಬಂದು ನಿಲ್ಲುವ ಜಾಗದಲ್ಲಿ, ಕಣ್ಣಿಗೆ ಕಾಣುವಂತೆ ಜೋಡಿಸಿಟ್ಟರು. ಇಸ್ಪೀಟಿನಲ್ಲಿ ಕೈಯಲ್ಲಿ ಏನೂ ಇಲ್ಲದವನು ಮುಖದಲ್ಲಿ ಎಲ್ಲವೂ ಇದೆ ಎಂದು ತೋರಿಸುತ್ತಾನೆ. ಇವರದು ಅದರ ತಿರುವುಮುರುವು: ಕೈಯಲ್ಲಿ ಒಂದು ಒಳ್ಳೆಯ ಎಲೆ ಇತ್ತು, ಇಲ್ಲವೆಂದು ತೋರಿಸಿದರು.

ಫೆರಾರಿ ಪಿಟ್ ಅದನ್ನು ನಂಬಿತು. ಫಾಂಜಿಯೊ ಟೈರು ಬದಲಿಸಲು ನಿಂತಾಗ ಮಾಸ್ ಮುಂದೆ ಹೋದರು. ಕ್ಲಚ್ ಆಗಲೇ ಕೈಕೊಟ್ಟಿತ್ತು, ಗೇರುಗಳನ್ನು ಕ್ಲಚ್ ಇಲ್ಲದೆಯೇ ಬದಲಿಸುತ್ತಿದ್ದರು. ಹಿಂದಿದ್ದ ಮುಸ್ಸೊಗೆ ಅವಸರವಿರಲಿಲ್ಲ. ಹೇಗಿದ್ದರೂ ಆ ಪುಟ್ಟ ಕಾರು ಈಗ ನಿಲ್ಲುತ್ತದೆ, ಮುಂದಿನ ಸುತ್ತಿನಲ್ಲಿ ನಿಲ್ಲುತ್ತದೆ. ನಿಲ್ಲಲಿಲ್ಲ. ಇದು ನಿಲ್ಲುವ ಕಾರಲ್ಲ ಎಂದು ಫೆರಾರಿಯವರಿಗೆ ಹೊಳೆಯುವ ಹೊತ್ತಿಗೆ ಉಳಿದದ್ದು ಕೆಲವೇ ಸುತ್ತುಗಳು. ಮುಸ್ಸೊ ಬೆನ್ನಟ್ಟಿದರು. ಇತ್ತ ಮಾಸ್ ಕಾರಿನ ಹಿಂದಿನ ಟೈರುಗಳಲ್ಲಿ ರಬ್ಬರ್ ಸವೆದು ಬಿಳಿಯ ಪದರ ಕಾಣಿಸತೊಡಗಿತು, ಆಮೇಲೆ ಒಳಗಿನ ನೂಲಿನ ಬಟ್ಟೆಯೇ ಹೊರಬಂತು. ಟೈರಿಗೆ ಆದಷ್ಟು ಕಡಿಮೆ ಉಜ್ಜಾಟವಾಗಲಿ ಎಂದು ಮಾಸ್ ರಸ್ತೆಯಲ್ಲಿ ಎಣ್ಣೆ ಚೆಲ್ಲಿದ ನುಣುಪು ಜಾಗಗಳನ್ನೇ ಹುಡುಕಿ ಓಡಿಸಿದರು. ಬೇರೆ ಚಾಲಕರು ಹೆದರಿ ತಪ್ಪಿಸಿಕೊಳ್ಳುವ ಜಾಗಗಳು ಅವು!

ಗೆಲುವಿನ ಅಂತರ 2.7 ಸೆಕೆಂಡು. ಮುಸ್ಸೊ ಎರಡನೆಯವರು, ಹಾಥಾರ್ನ್ ಮೂರನೆಯವರು, ಫಾಂಜಿಯೊ ನಾಲ್ಕನೆಯವರು.

ಈ ಗೆಲುವನ್ನು ಅದೃಷ್ಟ ಎಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ದೊಡ್ಡ ಶಕ್ತಿಯ ಎದುರು ಹಗುರತನ ಗೆಲ್ಲಬಲ್ಲದು ಎಂಬುದು ಆ ದಿನ ಲೆಕ್ಕ ಹಾಕಿ ತೋರಿಸಿದ ಸತ್ಯ. ಅನುಮಾನವಿದ್ದವರಿಗೆ ಉತ್ತರ ನಾಲ್ಕು ತಿಂಗಳಲ್ಲಿ ಬಂತು. ಅದೇ ಮೇ ತಿಂಗಳಲ್ಲಿ ಮೊನಾಕೊದಲ್ಲಿ ವ್ಯಾನ್‌ವಾಲ್, ಬಿಆರ್‌ಎಂ, ಫೆರಾರಿ ಎಲ್ಲರೂ ಬಂದಿದ್ದರು. ಮಾಸ್ ಕೂಡ ವ್ಯಾನ್‌ವಾಲ್‌ಗೆ ಮರಳಿದ್ದರು. ಗೆದ್ದದ್ದು ಮತ್ತೆ ವಾಕರ್ ಅವರ ನೀಲಿ ಕೂಪರ್, ಈ ಸಲ ಫ್ರಾನ್ಸಿನ ಮೊರಿಸ್ ಟ್ರಾಂಟಿನ್ಯಾನ್ ಕೈಯಲ್ಲಿ. ಒಂದು ಗ್ಯಾರೇಜಿನ ತಂಡ ಆ ವರ್ಷದ ಚಾಂಪಿಯನ್‌ಷಿಪ್‌ನ ಮೊದಲ ಎರಡೂ ಸ್ಪರ್ಧೆಗಳನ್ನು ಗೆದ್ದಿತ್ತು. ಮೂರೇ ವರ್ಷಗಳಲ್ಲಿ, ಅಂದರೆ 1961ಕ್ಕೆ, ಫೆರಾರಿಯೂ ಸೇರಿ ಎಲ್ಲ ಪ್ರಮುಖ ತಯಾರಕರೂ ಎಂಜಿನ್ನನ್ನು ಚಾಲಕನ ಹಿಂದಕ್ಕೆ ಒಯ್ದಿದ್ದರು.

ಈಗ ಸ್ವತಂತ್ರ ತಂಡದ ಕಷ್ಟದ ಬಗ್ಗೆ. ತಯಾರಕರ ಚಾಂಪಿಯನ್‌ಷಿಪ್ ಶುರುವಾದದ್ದು ಇದೇ 1958ರಲ್ಲಿ. ಅದರ ಅಂಕಗಳು ಕಾರು ಕಟ್ಟಿದವರಿಗೆ ಹೋಗುತ್ತವೆ, ಕಾರನ್ನು ಕಣಕ್ಕಿಳಿಸಿದವರಿಗಲ್ಲ. ವಾಕರ್ ಗೆದ್ದರೂ ಪಟ್ಟಿಯಲ್ಲಿ ಮೂಡುವುದು ಕೂಪರ್ ಹೆಸರು.

1959ರಲ್ಲಿ ವ್ಯಾನ್‌ವಾಲ್ ತಂಡ ಹಿಂದೆ ಸರಿದಾಗ ಮಾಸ್ ವಾಕರ್ ಬಳಿಗೆ ಬಂದರು. ಇಬ್ಬರ ನಡುವೆ ಕಾಗದದ ಕರಾರು ಇರಲಿಲ್ಲ, ಕೈಕುಲುಕಿದ್ದೇ ಕರಾರು. ಆ ವರ್ಷ ಕೂಪರ್‌ಗೆ ಇಟಲಿಯ ವಲೇರಿಯೊ ಕೊಲೊಟ್ಟಿ ವಿನ್ಯಾಸದ ಗೇರ್‌ಬಾಕ್ಸ್ ಹಾಕಿಸಿದರು. ಮೊನಾಕೊದಲ್ಲಿ ಮಾಸ್ ಮುನ್ನಡೆಯಲ್ಲಿದ್ದಾಗ ಅದು ಕೈಕೊಟ್ಟಿತು. ಹಾಲೆಂಡಿನಲ್ಲಿ ಮುನ್ನಡೆಯಲ್ಲಿದ್ದಾಗ ಮತ್ತೆ. ಪೋರ್ಚುಗಲ್ ಮತ್ತು ಇಟಲಿಯಲ್ಲಿ ಗೆದ್ದು, ಚಾಂಪಿಯನ್ ಪಟ್ಟದ ಆಸೆ ಹೊತ್ತು ಅಮೆರಿಕದ ಸೀಬ್ರಿಂಗ್‌ಗೆ ಹೋದರೆ ಅಲ್ಲೂ ಮುನ್ನಡೆಯಲ್ಲಿದ್ದಾಗ ಕೆಲವೇ ಸುತ್ತುಗಳಲ್ಲಿ ಅದೇ ಕಥೆ. ಪಟ್ಟ ಸಿಕ್ಕಿದ್ದು ಕೂಪರ್ ಕಾರ್ಖಾನೆಯ ತಂಡದ ಜ್ಯಾಕ್ ಬ್ರಾಬಮ್‌ಗೆ. ಮಾಸ್ ಎಂದೂ ವಿಶ್ವ ಚಾಂಪಿಯನ್ ಆಗಲಿಲ್ಲ ಎಂಬ ಕೊರಗಿನಲ್ಲಿ ಈ ಗೇರ್‌ಬಾಕ್ಸ್‌ಗೆ ದೊಡ್ಡ ಪಾಲಿದೆ ಎಂದು ನಾನು ನಂಬುತ್ತೇನೆ.

1960ರ ಈಸ್ಟರ್ ಸೋಮವಾರ ಗುಡ್‌ವುಡ್‌ನಲ್ಲಿ ಹೊಸ ಲೋಟಸ್ 18 ಮಾಸ್ ಅವರನ್ನೇ ಸೋಲಿಸಿತು. ಅಂಥದ್ದೊಂದು ನಮಗೂ ಬೇಕು ಎಂದರು ಮಾಸ್, ವಾಕರ್ ಕೊಂಡರು. ಮೇ 29ರಂದು ಮೊನಾಕೊದಲ್ಲಿ, ಮಳೆಯಲ್ಲಿ, ಸ್ಪಾರ್ಕ್ ಪ್ಲಗ್‌ನ ತಂತಿ ಕಳಚಿ ಪಿಟ್‌ಗೆ ಬಂದು ಹೋಗಿಯೂ ಮಾಸ್ ಗೆದ್ದರು. ವಿಡಿಯೋದ ಮೊದಲಿಗೆ ಕೇಳಿದೆನಲ್ಲ, ಲೋಟಸ್‌ನ ಆ ಮೊದಲ ಗೆಲುವು ಇದು. ಮುಂದಿನ ತಿಂಗಳು ಬೆಲ್ಜಿಯಮ್ಮಿನ ಸ್ಪಾದಲ್ಲಿ ಅಭ್ಯಾಸದ ವೇಳೆ ಅದೇ ಕಾರಿನ ಹಿಂಚಕ್ರ ಕಳಚಿಕೊಂಡಿತು. ಮಾಸ್ ಅವರ ಎರಡೂ ಕಾಲು ಮುರಿದವು. ಆಗಸ್ಟ್‌ನಲ್ಲಿ ಮತ್ತೆ ಕಣದಲ್ಲಿದ್ದರು, ವರ್ಷದ ಕೊನೆಗೆ ಅಮೆರಿಕನ್ ಗ್ರ್ಯಾನ್ ಪ್ರಿ ಗೆದ್ದರು.

1961ರ ಮೊನಾಕೊ ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. ಲೋಟಸ್‌ನ ಹೊಸ ಮಾದರಿ ಬಂದಿತ್ತು. ಆದರೆ ಲೋಟಸ್‌ಗೆ ಒಂದು ಇಂಧನ ಕಂಪನಿಯ ಜೊತೆ ಕರಾರು, ಮಾಸ್‌ಗೆ ಅದರ ಎದುರಾಳಿ ಕಂಪನಿಯ ಜೊತೆ. ಹಾಗಾಗಿ ವಾಕರ್‌ಗೆ ಹೊಸ ಕಾರು ಸಿಗಲಿಲ್ಲ. ಹಳೆಯ ಲೋಟಸ್ 18ರಲ್ಲೇ, ಫೆರಾರಿಯ ಹೊಸ ಆರು ಸಿಲಿಂಡರ್ ಎಂಜಿನ್‌ಗಳ ವಿರುದ್ಧ. ಹೊರಡುವ ಸ್ವಲ್ಪ ಮೊದಲು ಕಾರಿನ ಚೌಕಟ್ಟಿನ ಒಂದು ಕೊಳವೆ ಬಿರುಕು ಬಿಟ್ಟದ್ದು ಕಣ್ಣಿಗೆ ಬಿತ್ತು. ಇಂಧನ ತುಂಬಿದ ಟ್ಯಾಂಕಿನ ಪಕ್ಕದಲ್ಲೇ ಬೆಸುಗೆ ಹಾಕಬೇಕು. ಆಲ್ಫ್ ಫ್ರಾನ್ಸಿಸ್ ಟ್ಯಾಂಕಿಗೆ ಒದ್ದೆ ಟವೆಲ್ ಹೊದಿಸಿ, ಅಲ್ಲೇ ನಿಂತು ಬೆಸುಗೆ ಹಾಕಿದರು. ಸುತ್ತ ನಿಂತವರು ದೂರ ಸರಿಯದೆ ಇರುತ್ತಾರೆಯೇ? ಸೆಕೆಗೆ ಗಾಳಿಯಾಡಲೆಂದು ಕಾರಿನ ಪಕ್ಕದ ತಗಡುಗಳನ್ನೂ ತೆಗೆಸಿ, ಮಾಸ್ ನೂರು ಸುತ್ತು ಓಡಿಸಿ 3.6 ಸೆಕೆಂಡಿನಿಂದ ಗೆದ್ದರು. ಹಿಂದೆ ಎರಡು, ಮೂರು, ನಾಲ್ಕು, ಮೂರೂ ಫೆರಾರಿ. ಜರ್ಮನಿಯ ನುರ್ಬರ್ಗ್‌ರಿಂಗ್‌ನಲ್ಲೂ ಆ ವರ್ಷ ಹೀಗೆಯೇ ಫೆರಾರಿಗಳನ್ನು ಹಿಂದಿಕ್ಕಿದರು. ನನ್ನ ಲೆಕ್ಕದಲ್ಲಿ ಈ ತಂಡದ ಶಿಖರ ಇದೇ ವರ್ಷ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. 1962 ಕರಾಳ ವರ್ಷ. ಏಪ್ರಿಲ್‌ನಲ್ಲಿ ಗುಡ್‌ವುಡ್ ಅಪಘಾತ ಮಾಸ್ ಅವರ ಗ್ರ್ಯಾನ್ ಪ್ರಿ ಬದುಕನ್ನು ಮುಗಿಸಿತು. ಅಂದು ಅವರು ಓಡಿಸುತ್ತಿದ್ದದ್ದು ಬೇರೊಂದು ತಂಡದ ಕಾರು. ನವೆಂಬರ್‌ನಲ್ಲಿ ಮೆಕ್ಸಿಕೊದಲ್ಲಿ ಇಪ್ಪತ್ತರ ಹರೆಯದ ರಿಕಾರ್ಡೊ ರೊಡ್ರಿಗೆಜ್, ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗ್ಯಾರಿ ಹಾಕಿಂಗ್, ಇಬ್ಬರೂ ಅಭ್ಯಾಸದ ವೇಳೆ ವಾಕರ್ ತಂಡದ ಕಾರುಗಳಲ್ಲೇ ಪ್ರಾಣ ಬಿಟ್ಟರು. ಅದರ ನಂತರವೂ ವಾಕರ್ ಬಾಗಿಲು ಹಾಕಲಿಲ್ಲ. 1968ರಲ್ಲಿ ಗ್ಯಾರೇಜಿಗೆ ಬೆಂಕಿ ಬಿದ್ದು ಕಾರುಗಳು ಸುಟ್ಟುಹೋದವು. ಅದೇ ಜುಲೈನಲ್ಲಿ, ಆಗತಾನೇ ಕೈಸೇರಿದ ಲೋಟಸ್ 49ಬಿಯಲ್ಲಿ ಜೋ ಸಿಫರ್ಟ್ ಬ್ರಿಟಿಷ್ ಗ್ರ್ಯಾನ್ ಪ್ರಿ ಗೆದ್ದರು. ವಾಕರ್ ಕಾರುಗಳ ಒಂಬತ್ತನೆಯ ಮತ್ತು ಕೊನೆಯ ಗೆಲುವು ಅದು.

ಈಗಿನ ನಿಯಮಗಳ ಪ್ರಕಾರ ಫಾರ್ಮುಲಾ ಒನ್‌ಗೆ ಬರುವ ತಂಡ ತನ್ನ ಕಾರಿನ ಚೌಕಟ್ಟನ್ನು ತಾನೇ ವಿನ್ಯಾಸ ಮಾಡಿಕೊಳ್ಳಬೇಕು. ಬೇರೆಯವರ ಕಾರು ಕೊಂಡು ಬಂದು ಅವರನ್ನೇ ಸೋಲಿಸುವ ದಾರಿ ಮುಚ್ಚಿದೆ. ಕನಿಷ್ಠ ದಾಖಲೆಗಳಲ್ಲಾದರೂ ಹಾಗೆ ಗೆದ್ದವರಿಗೆ ಜಾಗವಿರಲಿ. ಕೂಪರ್‌ನ ಮೊದಲ ಗೆಲುವು, ಲೋಟಸ್‌ನ ಮೊದಲ ಗೆಲುವು ಎಂದು ಬರೆಯುವ ಪ್ರತಿ ಪಟ್ಟಿಯಲ್ಲೂ ಕಾರಿನ ಹೆಸರಿನ ಪಕ್ಕದಲ್ಲಿ ಕಣಕ್ಕಿಳಿಸಿದವರ ಹೆಸರಿಗೆ ಇನ್ನೊಂದು ಅಂಕಣ ಬೇಕು, ಅದರಲ್ಲಿ ಡಾರ್ಕಿಂಗ್‌ನ ರಾಬ್ ವಾಕರ್ ಎಂದು ಬರೆದಿರಬೇಕು.