ಒಂದು ಪೀಕೋ, ಎರಡೋ?

ಕೇಳುಗರಿಗೆ ನಮಸ್ಕಾರ.

ಪಾಂಡವಪುರದ ಕುಂತಿಬೆಟ್ಟ ನೀವು ನೋಡಿರಬಹುದು. ಅದು ಎರಡು ಕಲ್ಲುಬೆಟ್ಟಗಳ ಜೋಡಿ. ಒಂದು ಕಡೆ ನಿಂತರೆ ಎರಡೂ ಬೇರೆ ಬೇರೆ ಕಾಣುತ್ತವೆ. ಇನ್ನೊಂದು ಕಡೆ ಹೋದರೆ ಒಂದರ ಹಿಂದೆ ಒಂದು ಸರಿದು ಒಂದೇ ಬೆಟ್ಟದಂತಾಗುತ್ತವೆ. ವಿಜ್ಞಾನ ಓದುವ ಮಕ್ಕಳ ಗ್ರಾಫಿನಲ್ಲೂ ದಿನಾ ಇದೇ ನಡೆಯುತ್ತದೆ. ಪೀಕ್, ಅಂದರೆ ಗೆರೆ ಬೆಟ್ಟದಂತೆ ಏರಿ ಇಳಿಯುವ ಜಾಗ, ಒಂದೇ ಕಾಣುತ್ತದೆ, ಆದರೆ ಒಳಗೆ ಎರಡೋ ಮೂರೋ ಸೇರಿಕೊಂಡಿರುತ್ತವೆ. ಅವನ್ನು ಬಿಡಿಸುವ ಕೆಲಸಕ್ಕೆ ಪೀಕ್ ಫಿಟ್ಟಿಂಗ್ ಅನ್ನುತ್ತಾರೆ.

ಒರಿಜಿನ್, ಫಿಟಿಕ್‌ನಂಥ ಸಾಫ್ಟ್‌ವೇರ್ ಇದನ್ನು ಮಾಡಿಕೊಡುತ್ತವೆ. ಸಾಮಾನ್ಯವಾಗಿ ಪೀಕ್ ಎಲ್ಲಿದೆ ಅಂತ ನಾವು ಮೊದಲು ತೋರಿಸುತ್ತೇವೆ. ಆಮೇಲೆ ಸಾಫ್ಟ್‌ವೇರ್ ಒಂದು ಗೆರೆ ಎಳೆದು ಪೀಕಿನ ಎತ್ತರ, ಜಾಗ, ಅಗಲ, ಈ ಮೂರನ್ನೂ ಚೂರು ಚೂರೇ ಬದಲಿಸುತ್ತಾ ಹೋಗುತ್ತದೆ. ಆ ಗೆರೆಗೂ ನಮ್ಮ ಅಳತೆಗೂ ಇರುವ ವ್ಯತ್ಯಾಸ ಇನ್ನು ಕಮ್ಮಿ ಆಗದು ಅನ್ನುವಾಗ ನಿಲ್ಲುತ್ತದೆ. ಹೆಚ್ಚಿನ ಸಾಫ್ಟ್‌ವೇರ್‌ಗಳು ಬಳಸುವ ದಾರಿಯನ್ನು 1944ರಲ್ಲಿ ಲೆವೆನ್‌ಬರ್ಗ್, 1963ರಲ್ಲಿ ಮಾರ್ಕ್ವಾರ್ಟ್ ತೋರಿಸಿಕೊಟ್ಟರು.

ಪೀಕಿನ ಆಕಾರಕ್ಕೂ ಹೆಸರಿದೆ. ಗಂಟೆಯಂತೆ ಇಳಿದು ಬೇಗ ಮುಗಿಯುವುದು ಗಾಸಿಯನ್. ಬಾಲ ಉದ್ದಕ್ಕೆ ಚಾಚಿರುವುದು ಲೊರೆಂಟ್ಸಿಯನ್. ಹಳೆಯ ರೇಡಿಯೊದಲ್ಲಿ ಗುಂಡಿ ತಿರುಗಿಸಿ ಸ್ಟೇಷನ್ ಹಿಡಿಯುವಾಗ ದನಿ ಏರಿ ಇಳಿಯುತ್ತಿತ್ತು, ಅಲ್ವಾ? ಆ ಏರಿಳಿತದ ಆಕಾರವೂ ಹೆಚ್ಚುಕಮ್ಮಿ ಲೊರೆಂಟ್ಸಿಯನ್ನೇ.

ಎಷ್ಟು ಪೀಕ್ ಇಡಬೇಕು ಅನ್ನುವುದನ್ನು ಮಾತ್ರ ಸಾಫ್ಟ್‌ವೇರ್ ಖಚಿತವಾಗಿ ಹೇಳಲಾರದು. ನಾನು ಇವತ್ತು ಮಾತಾಡಲು ಬಂದದ್ದೇ ಅದಕ್ಕೆ. ಐದು ಇಡು ಅಂದರೆ ಐದು ಇಡುತ್ತದೆ. ಇಟ್ಟಷ್ಟೂ ಗೆರೆ ಚೆನ್ನಾಗಿ ಕೂರುತ್ತದೆ.

ನಾನು ಸಂಶೋಧನೆಗೆ ಸೇರಿದ ಹೊಸದರಲ್ಲಿ ಒಂದು ತೆಳು ಪದರದಿಂದ ಹೊಮ್ಮುವ ಬೆಳಕನ್ನು ಅಳೆದಿದ್ದೆ. ಗ್ರಾಫಿನಲ್ಲಿ ಅಗಲವಾದ ಒಂದು ಉಬ್ಬು ಬಂತು. ಐದು ಗಾಸಿಯನ್ ಹಾಕಿದೆ. ಗೆರೆ ಎಷ್ಟು ಚೆನ್ನಾಗಿ ಕೂತಿದೆ ಅಂತ ಹೇಳುವ ಅಂಕಿ ಆರ್ ಸ್ಕ್ವೇರ್, ಅದು 1 ಆದರೆ ಪೂರ್ತಿ ಕೂತ ಹಾಗೆ. ನನ್ನದು 0.99 ದಾಟಿತು. ಒಂದೊಂದು ಪೀಕಿಗೂ ಒಂದೊಂದು ಕಾರಣ ಬರೆದಿಟ್ಟೆ. ನಮ್ಮ ಮೇಷ್ಟ್ರು ನೋಡಿ, "ಅದೇ ಸ್ಯಾಂಪಲ್ ನಾಳೆ ಇನ್ನೊಂದು ಸಲ ಅಳೆದು ತಗೊಂಡು ಬಾಪ್ಪ" ಅಂದರು, ಅಷ್ಟೇ. ಮಾರನೇ ದಿನ ಐದರಲ್ಲಿ ಮೂರು ಪೀಕ್ ಬೇರೆ ಕಡೆಗೆ ಓಡಿದ್ದವು. ಒಂದರ ಅಗಲಕ್ಕಿಂತ, ಆ ಅಗಲ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನುವ ದೋಷದ ಅಂಕಿಯೇ ಜಾಸ್ತಿ ಇತ್ತು. ಎರಡೇ ಪೀಕ್ ಇಟ್ಟು ನೋಡಿದೆ. ಎರಡು ದಿನದ ಲೆಕ್ಕವೂ ಒಂದಾಯಿತು. ಬರೆದಿಟ್ಟ ಕಾರಣಗಳಲ್ಲಿ ಮೂರನ್ನು ಹೊಡೆದುಹಾಕಿದೆ.

ಅವತ್ತಿನಿಂದ ನಾನು ಮೊದಲು ನೋಡುವುದು ಉಳಿಕೆಯನ್ನು. ಅಂದರೆ ಅಳತೆಯಿಂದ ಗೆರೆಯನ್ನು ಕಳೆದರೆ ಮಿಕ್ಕುವುದು. ಅದು ರಾಗಿ ಚೆಲ್ಲಿದ ಹಾಗೆ ಸೊನ್ನೆಯ ಮೇಲೆ ಕೆಳಗೆ ಹರಡಿರಬೇಕು. ಅಲೆ ಅಲೆಯಾಗಿ ಕಂಡರೆ ಎಲ್ಲೋ ತಪ್ಪಿದೆ. ಆಗ ಸುಮ್ನೆ ಇನ್ನೊಂದು ಪೀಕ್ ಸೇರಿಸಬೇಡಿ. ಬೇಸ್‌ಲೈನ್, ಅಂದರೆ ಪೀಕ್ ಕೂತಿರುವ ತಳದ ಗೆರೆ, ಸರಿಯಿದೆಯಾ, ಆಕಾರ ಸರಿಯಿದೆಯಾ, ಅದನ್ನು ನೋಡಿ.

ಇದರ ಉಲ್ಟಾ ಕೂಡ ಆಗುತ್ತದೆ. ಮದ್ದೂರು ಕಡೆಯ ಒಬ್ಬ ವಿದ್ಯಾರ್ಥಿನಿ ಎಕ್ಸ್‌ರೇ ಗ್ರಾಫ್ ಹಿಡಿದು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಪುಡಿಗೆ ಬಡಿದ ಎಕ್ಸ್‌ರೇ ಯಾವ ಯಾವ ಕೋನಕ್ಕೆ ತಿರುಗುತ್ತದೆ ಅಂತ ತೋರಿಸುವ ಗ್ರಾಫ್ ಅದು. 100 ಡಿಗ್ರಿ ಕೋನದ ಹತ್ತಿರ ಪೀಕ್ ಎರಡಾಗಿ ಸೀಳಿತ್ತು. "ಸರ್, ಪುಡಿಯಲ್ಲಿ ಬೇರೆ ಏನೋ ಬೆರೆತಿದೆ" ಅಂತ ಅವಳಿಗೆ ಗಾಬರಿ. ತಾಮ್ರದ ಎಕ್ಸ್‌ರೇ ಕೊಳವೆಯಿಂದ ಒಂದೇ ಅಲೆ ಬರುವುದಿಲ್ಲಮ್ಮ, ಮುಖ್ಯವಾಗಿ ಎರಡು ಬರುತ್ತವೆ ಅಂದೆ. ಒಂದರ ಉದ್ದ 1.5406 ಆಂಗ್‌ಸ್ಟ್ರಾಂ, ಇನ್ನೊಂದರದು 1.5444. ಆಂಗ್‌ಸ್ಟ್ರಾಂ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಎರಡನೆಯದರ ಬಲ ಮೊದಲನೆಯದರ ಅರ್ಧದಷ್ಟು. ಕಾಗದದ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. 36 ಡಿಗ್ರಿಯಲ್ಲಿ ಎರಡರ ನಡುವಿನ ದೂರ 0.09 ಡಿಗ್ರಿ. ಅಲ್ಲಿ ಅವು ಅಂಟಿಕೊಂಡೇ ಇರುತ್ತವೆ. 100ರಲ್ಲಿ 0.34. ಅವಳ ಗ್ರಾಫಿನಲ್ಲಿ ಸ್ಕೇಲ್ ಇಟ್ಟು ಅಳೆದೆವು. ಸರಿಯಾಗಿ ಅಷ್ಟೇ ಇತ್ತು. ಪುಡಿ ಶುದ್ಧವಾಗಿಯೇ ಇತ್ತು.