ಹಳೆಯ ತಟ್ಟೆಯ ಸದ್ದನ್ನು ಸೋಸುವ ಮುನ್ನ

ಗಂಗೂಬಾಯಿ ಹಾನಗಲ್ ಎಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವುದು ಗಂಡುದನಿಯಂಥ ಆ ಘನವಾದ ಸ್ವರ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ಅವರ ಕಂಠ ಬೇರೆಯೇ ಇತ್ತು, ತೆಳುವಾಗಿ, ಎತ್ತರದಲ್ಲಿ ಹರಿಯುತ್ತಿತ್ತು. ಆ ಕಂಠವನ್ನು ಇಂದು ಕೇಳಬೇಕೆಂದರೆ 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅರಗಿನ ಗ್ರಾಮಫೋನ್ ತಟ್ಟೆಗಳನ್ನೇ ಹುಡುಕಬೇಕು. ಅಂಥ ತಟ್ಟೆಯನ್ನು ಕಂಪ್ಯೂಟರಿಗೆ ಇಳಿಸುವವರು ತಮ್ಮ ಕೈಯಲ್ಲಿರುವುದು ಹಾಡಷ್ಟೇ ಅಲ್ಲ, ಸಾಕ್ಷಿ ಎಂದು ತಿಳಿದು ಕೆಲಸ ಮಾಡಬೇಕು. ನಾನು ಇಂದು ಹೇಳಹೊರಟಿರುವುದು ಇದನ್ನೇ.

ಮೊದಲು ವೇಗದ ಮಾತು. ಲೇಬಲ್ಲಿನ ಮೇಲೆ 78, ಅಂದರೆ ನಿಮಿಷಕ್ಕೆ 78 ಸುತ್ತು, ಎಂದಿದ್ದರೂ ಹಳೆಯ ತಟ್ಟೆಗಳೆಲ್ಲ 78ರಲ್ಲೇ ಮುದ್ರಣಗೊಂಡಿಲ್ಲ. 20ನೇ ಶತಮಾನದ ಮೊದಲ ದಶಕಗಳ ತಟ್ಟೆಗಳಲ್ಲಂತೂ ವೇಗ ಸಾಕಷ್ಟು ಹಿಂದೆಮುಂದೆ ಆಗಿದೆ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಹಾರ್ಮೋನಿಯಂನ ಬಿಳಿ ಪಟ್ಟಿಯಿಂದ ಪಕ್ಕದ ಕರಿ ಪಟ್ಟಿಗೆ ಹತ್ತಿದಷ್ಟು ಸ್ವರ ಏರುತ್ತದೆ. ತಾನ ಇನ್ನೂ ಚುರುಕಾಗುತ್ತದೆ, ಕಂಠ ಇನ್ನೂ ಎಳೆಯದಾಗುತ್ತದೆ. ಕೇಳಿದವರು ಆಹಾ ಎನ್ನುತ್ತಾರೆ, ಆದರೆ ಅದು ಆ ಗಾಯಕರ ಧ್ವನಿಯಲ್ಲ. ಸಾಥಿಗೆ ಹಾರ್ಮೋನಿಯಂ ಇದ್ದರೆ ಅದರ ಷಡ್ಜವನ್ನು ಗಮನಿಸಿ. ಎರಡು ಪಟ್ಟಿಗಳ ನಡುವೆ ಎಲ್ಲೋ ತೂಗಾಡುತ್ತಿದ್ದರೆ ವೇಗದ ಮೇಲೆ ಅನುಮಾನ ಪಡಲೇಬೇಕು. ನಿಮ್ಮ ಟರ್ನ್‌ಟೇಬಲ್ಲಿನಲ್ಲಿ 33 ಮತ್ತು 45 ಮಾತ್ರ ಇದ್ದರೂ ಚಿಂತೆಯಿಲ್ಲ. 45ರಲ್ಲಿ ಇಳಿಸಿಕೊಂಡು ಆಡಾಸಿಟಿಯಂಥ ತಂತ್ರಾಂಶದಲ್ಲಿ ವೇಗ ಹೆಚ್ಚಿಸಬಹುದು. ಆದರೆ ಸೂಜಿಯ ವಿಷಯದಲ್ಲಿ ಇಂಥ ರಾಜಿ ಸಾಧ್ಯವಿಲ್ಲ.

ಆಮೇಲೆ ಬಂದ 33 ಸುತ್ತಿನ ಎಲ್‌ಪಿ ತಟ್ಟೆಗೆ ಬಳಸುವ ಸೂಜಿಯ ತುದಿ ಸುಮಾರು 18ರಿಂದ 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). 78ರ ಗೆರೆ ಅಗಲವಾದದ್ದು, ಅದಕ್ಕೆ ಸುಮಾರು 75 ಮೈಕ್ರಾನಿನ ತುದಿ ಬೇಕು. ಸಣ್ಣ ಸೂಜಿ ಇಟ್ಟರೆ ಅದು ಗೆರೆಯ ಗೋಡೆಗಳಿಗೆ ತಾಗದೆ ತಳದಲ್ಲಿ ಓಲಾಡುತ್ತದೆ. ಸಂಗೀತ ಇರುವುದು ಗೋಡೆಗಳಲ್ಲಿ, ತಳದಲ್ಲಿರುವುದು ಧೂಳು ಮತ್ತು ಹಿಂದಿನ ಉಕ್ಕಿನ ಮುಳ್ಳುಗಳು ಕೆರೆದ ಪುಡಿ. “ತಟ್ಟೆ ಹಾಳಾಗಿದೆ, ಬರೀ ಕರಕರ” ಎಂದು ಮೂಲೆಗೆ ಸೇರಿಸಿದ ಎಷ್ಟೋ ತಟ್ಟೆಗಳಿಗೆ ಸರಿಯಾದ ಸೂಜಿ ಇಟ್ಟೊಡನೆ ಜೀವ ಬಂದದ್ದನ್ನು ನಾನೇ ಕೇಳಿದ್ದೇನೆ. ಕರಕರದ ಹಿಂದಿನಿಂದ ಮೊದಲು ತಬಲಾದ ಎಡಗೈಯ ಬಾಯಾಂ, ಆಮೇಲೆ ಉಸಿರು ತೆಗೆದುಕೊಳ್ಳುವ ಸದ್ದು, ಆಮೇಲೆ ಮನುಷ್ಯ.

ತೊಳೆಯುವಾಗ ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರವೂ ತರಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೌಮ್ಯ ಸೋಪು ಸಾಕು, ಲೇಬಲ್ ಮಾತ್ರ ನೆನೆಯಬಾರದು.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರುವ ಸಂಗತಿ. ಈಗ ಇಳಿಸುವುದಕ್ಕಿಂತ ಮೊದಲೇ ಸೋಸುವ ಆತುರ ಎಲ್ಲರಿಗೂ. ಒಂದು ಗುಂಡಿ ಒತ್ತಿದರೆ ಗದ್ದಲವೆಲ್ಲ ಮಾಯ. ಹೌದು, ಜೊತೆಗೆ ಹಿನ್ನೆಲೆಯಲ್ಲಿ ಕ್ಷೀಣವಾಗಿ ಮಿಡಿಯುತ್ತಿದ್ದ ತಂಬೂರಿಯೂ ಮಾಯ, ಸಕಾರ ಶಕಾರಗಳ ಅಂಚೂ ಮಾಯ. ಉಳಿಯುವುದು ಕೊಡದೊಳಗಿನಿಂದ ಹಾಡಿದಂಥ ಧ್ವನಿ. ಗದಗಿನಲ್ಲಿ ಬೆಳೆದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿ ಗುರುವನ್ನು ಅರಸುತ್ತ ಮನೆ ಬಿಟ್ಟರು. ಅಲೆದಲೆದು ಕೊನೆಗೆ ಸೇರಿದ್ದು ಅದೇ ಖಾನರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ. ಆ ಹುಡುಗ ಕೇಳಿದ್ದೂ ಮುಳ್ಳಿನ ಸದ್ದಿನೊಂದಿಗೇ, ಮೂರ್ನಾಲ್ಕು ನಿಮಿಷದ ಒಂದು ಮಗ್ಗುಲನ್ನು. ಸದ್ದು ಅವರನ್ನು ತಡೆಯಲಿಲ್ಲ.

ಸೋಸಲೇಬಾರದು ಎನ್ನುತ್ತಿಲ್ಲ. ಕೇಳುವುದಕ್ಕೆ ಬೇರೆ ಪ್ರತಿ ಮಾಡಿಕೊಂಡು ಬೇಕಾದಷ್ಟು ಸೋಸಿ. ಮೂಲ ಪ್ರತಿ ಮಾತ್ರ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಏನನ್ನೂ ತಿದ್ದದೆ, ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಇರಲಿ. ತಟ್ಟೆ ಮೋನೋ, ಅಂದರೆ ಒಂದೇ ಚಾನೆಲ್ಲಿನದು, ಆದರೂ ಎರಡೂ ಚಾನೆಲ್ ಇಟ್ಟುಕೊಳ್ಳಿ, ಗೆರೆಯ ಒಂದು ಗೋಡೆ ಸವೆದಿದ್ದರೂ ಇನ್ನೊಂದು ಚೆನ್ನಾಗಿರಬಹುದು. ಸೂಜಿಯಿಂದ ಬರುವ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಇಂದಿನ ಫೋನೋ ಪ್ರೀಆಂಪ್‌ಗಳಲ್ಲಿರುವ, ತಗ್ಗು ಮತ್ತು ಎತ್ತರದ ಸ್ವರಗಳ ಪ್ರಮಾಣವನ್ನು ಸರಿದೂಗಿಸುವ ಆರ್‌ಐಎಎ ತಿದ್ದುಪಡಿ 1954ರ ಸುಮಾರಿಗೆ ನೆಲೆಗೊಂಡದ್ದು. ಅದಕ್ಕಿಂತ ಹಳೆಯ ತಟ್ಟೆಗಳಿಗೆ ಅದು ಹೊಂದುವುದಿಲ್ಲ, ಸಾಧ್ಯವಾದರೆ ಅದಿಲ್ಲದೆಯೇ ಇಳಿಸಿ.

ಧಾರವಾಡದ ಮಾಳಮಡ್ಡಿಯ ಹಳೆಯ ಮನೆಗಳ ಅಟ್ಟದಲ್ಲಾಗಲಿ, ಗದಗು ಹಾವೇರಿಯ ಹಳೆಯ ಟ್ರಂಕುಗಳಲ್ಲಾಗಲಿ ಇಂಥ ತಟ್ಟೆಗಳು ಕಂಡರೆ ಗುಜರಿಗೆ ಹಾಕಬೇಡಿ, ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಇಳಿಸುವಾಗ ಲೇಬಲ್ಲಿನ ಫೋಟೋ ತೆಗೆಯಿರಿ. ಲೇಬಲ್ಲಿನ ಸುತ್ತ ಅರಗಿನಲ್ಲೇ ಒತ್ತಿರುವ, ಆ ಮುದ್ರಣದ ಗುರುತಾದ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಬೆಳಕಿಗೆ ಓರೆ ಹಿಡಿದು ಓದಿ ಬರೆದುಕೊಳ್ಳಿ. ಯಾವ ಸೂಜಿ, ಯಾವ ವೇಗ ಎಂಬುದನ್ನೂ ಫೈಲಿನ ಜೊತೆಗೇ ಬರೆದಿಡಿ.